ತೊಡೆಸಂದಿನ ಗಂಟು, ಒಳಗಿನ ಅಪೆಂಡಿಕ್ಸ್: ಒಂದು ಸಂವಾದ

ಹೊಟ್ಟೆಯ ಬಲಗಡೆ ಕೆಳಭಾಗದಲ್ಲಿ, ದೊಡ್ಡ ಕರುಳು ಆರಂಭವಾಗುವ ಸೀಕಮ್ ಎಂಬ ಚೀಲಕ್ಕೆ ಅಂಟಿಕೊಂಡು ಜೋತುಬಿದ್ದಿರುವ ಬೆರಳುದ್ದದ ಅಪೆಂಡಿಕ್ಸ್, ಅಪರೂಪವಾಗಿ ತನ್ನ ನೆಲೆ ಬಿಟ್ಟು ತೊಡೆಯ ಮೂಲದವರೆಗೆ ಇಳಿದು ಅಲ್ಲಿನ ಹರ್ನಿಯಾದ ಚೀಲದೊಳಗೆ ಸಿಕ್ಕಿಕೊಳ್ಳುತ್ತದೆ. ಫ್ರಾನ್ಸಿನ ಶಸ್ತ್ರಚಿಕಿತ್ಸಕ ರೆನೆ ಜಾಕ್ ಕ್ರೊಸಾಂ ದ ಗಾರಾಂಜೊ 1731ರಲ್ಲಿ ಇದನ್ನು ಮೊದಲು ವಿವರಿಸಿದ್ದರಿಂದ ವೈದ್ಯಕೀಯ ಸಾಹಿತ್ಯದಲ್ಲಿ ಇದಕ್ಕೆ ಅವರ ಹೆಸರೇ ನಿಂತಿದೆ. ನಾಲ್ಕು ವರ್ಷಗಳ ನಂತರ, 1735ರಲ್ಲಿ, ಲಂಡನ್ನಿನ ಕ್ಲಾಡಿಯಸ್ ಅಮ್ಯಾಂಡ್ ಒಬ್ಬ ಬಾಲಕನಲ್ಲಿ ಕಂಡ ಅಪೆಂಡಿಕ್ಸ್ ಇದ್ದದ್ದು ತೊಡೆಸಂದಿನ ಮೇಲಿನ ಹಾದಿಯಲ್ಲಿ ಇಳಿಯುವ ಇಂಗ್ವೈನಲ್ ಹರ್ನಿಯಾದಲ್ಲಾದ್ದರಿಂದ, ಅಮ್ಯಾಂಡ್ ಹೆಸರಿನ ಹರ್ನಿಯಾವನ್ನು ಇದರೊಂದಿಗೆ ಬೆರೆಸುವುದು ತಪ್ಪಾಗುತ್ತದೆ. ತೊಡೆಸಂದಿನ ಒಟ್ಟು ಹರ್ನಿಯಾಗಳಲ್ಲಿ ಫೆಮೊರಲ್ ಹರ್ನಿಯಾ, ಅಂದರೆ ತೊಡೆನಾಳದ ಹರ್ನಿಯಾ, ಶೇ 3ರಿಂದ 5ರಷ್ಟು ಮಾತ್ರ. ಅವುಗಳಲ್ಲಿ ಅಪೆಂಡಿಕ್ಸ್ ಸೇರಿರುವಂಥವು ಶೇ 0.5ರಿಂದ 5ರವರೆಗೆ ಎಂದೂ, ಆ ಅಪೆಂಡಿಕ್ಸ್ ಉರಿಯೂತಕ್ಕೂ ಒಳಗಾಗಿರುವಂಥವು ಶೇ 0.08ರಿಂದ 0.13ರಷ್ಟು ಎಂದೂ ಪ್ರಕಟಿತ ವರದಿಗಳು ಸಾಮಾನ್ಯವಾಗಿ ಹೇಳುತ್ತವೆ.

ಇಷ್ಟು ಅಪರೂಪದ ಸ್ಥಿತಿಯನ್ನು ಶಸ್ತ್ರಚಿಕಿತ್ಸೆಗೆ ಮುಂಚೆಯೇ ಗುರುತಿಸಲು ಎಷ್ಟು ಶ್ರಮ ಪಡಬೇಕು, ಗುರುತಿಸಿದ ಮೇಲೆ ಯಾವ ದಾರಿಯಲ್ಲಿ ಕೈಹಾಕಬೇಕು ಎಂಬ ಬಗ್ಗೆ ಶಸ್ತ್ರಚಿಕಿತ್ಸಕರಲ್ಲಿ ಇಂದಿಗೂ ಒಮ್ಮತವಿಲ್ಲ. 1957ರಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜ್ ಎಂದು ಆರಂಭವಾಗಿ ಈಗಲೂ ಕಿಮ್ಸ್ ಎಂದೇ ಜನರ ಬಾಯಲ್ಲಿರುವ ಹುಬ್ಬಳ್ಳಿಯ ಆಸ್ಪತ್ರೆಯಂಥ ಬೋಧಕ ಸಂಸ್ಥೆಯಲ್ಲಿ ದೀರ್ಘಕಾಲ ಪಾಠ ಹೇಳಿದ ಹಿರಿಯ ವೈದ್ಯೆಯೊಬ್ಬರು ಮತ್ತು ಧಾರವಾಡ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ದುಡಿಯುವ ಕಿರಿಯ ಸರ್ಜನ್ ಒಬ್ಬರು ಎದುರುಬದುರು ಕುಳಿತರೆ ಈ ಪ್ರಶ್ನೆ ಹೇಗೆ ಬಿಚ್ಚಿಕೊಳ್ಳುತ್ತದೆ ಎಂಬುದನ್ನು ಇಲ್ಲಿ ಸಂವಾದವಾಗಿ ನಿರೂಪಿಸಲಾಗಿದೆ. ವ್ಯಕ್ತಿಗಳು ಕಲ್ಪಿತರು, ಅವರು ಎತ್ತುವ ಪ್ರಶ್ನೆಗಳು ಕಲ್ಪಿತವಲ್ಲ.

ತಾಲ್ಲೂಕು ವೈದ್ಯ: ಮೇಡಂ, ಪಠ್ಯಪುಸ್ತಕದಲ್ಲಿ ಎರಡು ಸಾಲಿನಲ್ಲಿ ಮುಗಿದುಹೋಗುವ ಈ ಹರ್ನಿಯಾಕ್ಕೆ ಇಷ್ಟು ಗಮನ ಕೊಡಬೇಕೆ ಎಂಬುದೇ ಮೊದಲ ಸಂಶಯ. ನವಲಗುಂದದಲ್ಲೋ ಕಲಘಟಗಿಯಲ್ಲೋ ಕೆಲಸ ಮಾಡುವ ಸರ್ಜನ್ ಇಡೀ ವೃತ್ತಿಜೀವನದಲ್ಲಿ ಇಂಥದೊಂದನ್ನು ಕಂಡರೆ ಹೆಚ್ಚು. ಆ ಒಂದಕ್ಕಾಗಿ ಪ್ರತಿ ತೊಡೆಸಂದಿನ ಗಂಟಿನ ಹಿಂದೆಯೂ ಅಪೆಂಡಿಕ್ಸ್ ಇದೆಯೇನೋ ಎಂದು ಹುಡುಕುತ್ತ ಹೋದರೆ, ಎದುರಿಗಿರುವ ರೋಗಿಗೆ ಬೇಕಾದ ಸಮಯ ಆ ಹುಡುಕಾಟದಲ್ಲಿಯೇ ಕಳೆದುಹೋಗುತ್ತದೆ.

ಹಿರಿಯ ವೈದ್ಯೆ: ಅಪೆಂಡಿಕ್ಸನ್ನು ಹುಡುಕಬೇಕೆಂದು ಯಾರೂ ಹೇಳುತ್ತಿಲ್ಲ ಡಾಕ್ಟರೇ, ಗಂಟನ್ನು ತಪ್ಪಾಗಿ ಓದಬಾರದು ಎಂಬುದಷ್ಟೇ ಮಾತು. ಅರವತ್ತೈದು ದಾಟಿದ ಒಬ್ಬ ಹೆಣ್ಣುಮಗಳು ಬಲ ತೊಡೆಸಂದಿನಲ್ಲಿ ಕೆಂಪಗೆ, ಬಿಸಿಯಾಗಿ, ಮುಟ್ಟಿದರೆ ನೋಯುವ ಗಂಟನ್ನು ಹೊತ್ತು ಬಂದಾಗ, ಮೈ ಕಾದಿದೆ, ವಾಂತಿಯಿಲ್ಲ, ಹೊಟ್ಟೆ ಉಬ್ಬಿಲ್ಲ, ಮಲವೂ ಗಾಳಿಯೂ ಹೋಗುತ್ತಿವೆ ಎಂದಾದರೆ, ಅದನ್ನು ಕುರು ಎಂದು ತಿಳಿದು ಡ್ರೆಸಿಂಗ್ ಕೋಣೆಯಲ್ಲಿಯೇ ಚಿಕ್ಕ ಬ್ಲೇಡಿನಿಂದ ಸೀಳಿಬಿಡುವ ಅಪಾಯ ನಿಜವಾದದ್ದು. ಸೀಳಿದಾಗ ಕೀವೂ ಬರುತ್ತದೆ, ಆದ್ದರಿಂದ ಸೀಳಿದವರಿಗೆ ತಮ್ಮ ನಿರ್ಣಯ ಸರಿಯಾಯಿತೆಂದೇ ತೋರುತ್ತದೆ; ಆದರೆ ಆ ಕೀವಿನ ಮೂಲ ಚರ್ಮದ ಕೆಳಗಿಲ್ಲ, ಒಡೆದ ಅಪೆಂಡಿಕ್ಸಿನಲ್ಲಿದೆ, ಮತ್ತು ಗಾಯ ಮಾಯದೆ ಅಲ್ಲಿಂದ ಮಲ ಒಸರತೊಡಗಿದಾಗಲೇ ಅದು ತಿಳಿಯುತ್ತದೆ. ಸೋಂಕು ತೊಡೆಯ ಮತ್ತು ಹೊಟ್ಟೆಗೋಡೆಯ ಮೃದು ಅಂಗಾಂಶಗಳನ್ನು ಕೊಳೆಸುತ್ತ ವೇಗವಾಗಿ ಹರಡುವ ನೆಕ್ರೊಟೈಸಿಂಗ್ ಫ್ಯಾಸಿಯೈಟಿಸ್ ಆಗಿ ತಿರುಗಿದರೆ ಜೀವಕ್ಕೇ ಕುತ್ತು.

ತಾಲ್ಲೂಕು ವೈದ್ಯ: ಆ ಅಪಾಯವನ್ನು ಒಪ್ಪಲೇಬೇಕು. ಆದರೂ ಕುರುವಿನಂತೆ ಕಾಣುವುದಕ್ಕೆ ಕಾರಣವನ್ನು ತಾವು ಮೊದಲು ಬಿಡಿಸಿ ಹೇಳಿದರೆ, ಅದನ್ನು ತಪ್ಪಿಸಲು ಯಂತ್ರ ಬೇಕೋ ಬೆರಳು ಸಾಕೋ ಎಂಬುದು ಆಮೇಲೆ ತಾನಾಗಿ ತಿಳಿಯುತ್ತದೆ.

ಹಿರಿಯ ವೈದ್ಯೆ: ಕಾರಣ ಇರುವುದು ಜಾಗದಲ್ಲಿ. ತೊಡೆಯ ದೊಡ್ಡ ಅಭಿಧಮನಿಯ ಒಳಮಗ್ಗುಲಿಗೆ ಸುಮಾರು ಒಂದೂಕಾಲು ಸೆಂಟಿಮೀಟರ್ ಉದ್ದದ ಒಂದು ಇಕ್ಕಟ್ಟಾದ ನಾಳವಿದೆ. ಕೊಬ್ಬು ಮತ್ತು ದುಗ್ಧಗ್ರಂಥಿ ಬಿಟ್ಟರೆ ಅದರಲ್ಲಿ ಹೆಚ್ಚೇನೂ ಇಲ್ಲ, ಅಭಿಧಮನಿಗೆ ಹಿಗ್ಗಲು ಎಡೆ ಬಿಟ್ಟಿರುವ ಜಾಗವದು. ಅದರ ಬಾಯಿಗೆ ಮುಂದೆ ಇಂಗ್ವೈನಲ್ ಅಸ್ಥಿರಜ್ಜು, ಹಿಂದೆ ಪೆಕ್ಟಿನಿಯಲ್ ಅಸ್ಥಿರಜ್ಜು, ಒಳಬದಿಗೆ ಲ್ಯಾಕುನಾರ್ ಅಸ್ಥಿರಜ್ಜು, ಹೀಗೆ ಮೂರು ಕಡೆ ಬಗ್ಗದ ಕಟ್ಟುಗಳಿದ್ದು, ಮೆತ್ತಗಿರುವುದು ಅಭಿಧಮನಿಯ ಬದಿ ಒಂದೇ. ಹೆಣ್ಣಿನ ಸೊಂಟದೆಲುಬು ಅಗಲವಾಗಿರುವುದು, ಹೆರಿಗೆಗಳು, ವಯಸ್ಸಾದಂತೆ ಮೈ ಇಳಿದು ಕೊಬ್ಬು ಕರಗುವುದು ಇವೆಲ್ಲ ಸೇರಿ ಆ ಬಾಯಿ ಸಡಿಲವಾದಾಗ ಹೊಟ್ಟೆಯ ಒಳಪದರ ಚೀಲವಾಗಿ ಕೆಳಗಿಳಿಯುತ್ತದೆ. ಅಪೆಂಡಿಕ್ಸ್ ಉದ್ದವಾಗಿ ಸೊಂಟದ ಗುಳಿಯತ್ತ ಬಾಗಿದ್ದರೆ, ಅಥವಾ ಸೀಕಮ್ ಗಟ್ಟಿಯಾಗಿ ನೆಲೆಯೂರದೆ ಕೆಳಕ್ಕೆ ಸರಿದಾಡುವಂತಿದ್ದರೆ, ಅದೂ ಆ ಚೀಲವನ್ನು ಹೊಗುತ್ತದೆ. ಹೊಕ್ಕ ಮೇಲೆ ಕತ್ತಿನ ಬಿಗಿತಕ್ಕೆ ಮೊದಲು ಅಶುದ್ಧ ರಕ್ತ ಹೊರಹೋಗುವುದು ನಿಲ್ಲುತ್ತದೆ, ಊತ ಏರಿ ಕೊನೆಗೆ ಶುದ್ಧ ರಕ್ತದ ಪೂರೈಕೆಯೂ ನಿಲ್ಲುತ್ತದೆ. ಆದರೆ ಅದೇ ಬಿಗಿತ ಕೀವನ್ನು ಹೊಟ್ಟೆಯೊಳಗೆ ಮರಳಿ ಹರಿಯಲೂ ಬಿಡದ ಕಾರಣ ಹೊಟ್ಟೆ ಮೆತ್ತಗೇ ಇರುತ್ತದೆ, ಉರಿಯೆಲ್ಲ ತೊಡೆಯಲ್ಲಿ ಕಾಣುತ್ತದೆ.

ತಾಲ್ಲೂಕು ವೈದ್ಯ: ಕರುಳಿನ ಅಡಚಣೆಯ ಲಕ್ಷಣ ಕಾಣದಿರುವುದಕ್ಕೆ ಕಾರಣವೂ ಅಲ್ಲೇ ಇದೆ. ಅಪೆಂಡಿಕ್ಸ್ ಎಂದರೆ ಹಳೇ ಹುಬ್ಬಳ್ಳಿಯ ತುದಿ ಮುಚ್ಚಿದ ಓಣಿಯಿದ್ದಂತೆ. ಅದರ ಬಾಯಿಗೆ ಅಡ್ಡಗಟ್ಟಿದರೂ ಮುಖ್ಯ ಬೀದಿಯ ಓಡಾಟ ನಿಲ್ಲುವುದಿಲ್ಲ. ಹಾಗಾಗಿ ವಾಂತಿ ಭೇದಿಯ ಪ್ರಶ್ನೆಗಳಿಗೆಲ್ಲ ರೋಗಿ ಇಲ್ಲವೆನ್ನುತ್ತಾಳೆ, ಕೇಳಿದವರಿಗೆ ಸಮಾಧಾನವಾಗುತ್ತದೆ. ಆದರೆ ಇದನ್ನೆಲ್ಲ ತಿಳಿಯಲು ಸಿಟಿ ಸ್ಕ್ಯಾನ್ ಬೇಕಾಗಲಿಲ್ಲ, ನೋಡಿ. ಪ್ಯೂಬಿಕ್ ಮೂಳೆಯ ಮೇಲಿನ ಸಣ್ಣ ಉಬ್ಬನ್ನು ಬೆರಳಿನಿಂದ ಗುರುತಿಸಿಕೊಂಡರೆ, ಗಂಟಿನ ಕತ್ತು ಅದರ ಕೆಳಗೆ ಹೊರಮಗ್ಗುಲಿಗಿದ್ದಾಗ ಫೆಮೊರಲ್, ಮೇಲೆ ಒಳಮಗ್ಗುಲಿಗಿದ್ದಾಗ ಇಂಗ್ವೈನಲ್ ಎಂಬುದು ಎಂಬಿಬಿಎಸ್ ವಿದ್ಯಾರ್ಥಿಗೂ ಗೊತ್ತು. ಒಳಗೆ ತಳ್ಳಲಾಗದ, ಕೆಮ್ಮಿದರೂ ಉಬ್ಬದ, ನೋಯುವ ಫೆಮೊರಲ್ ಹರ್ನಿಯಾ ಎಂದರೆ ಆಪರೇಷನ್ನೇ. ಒಳಗಿರುವುದು ಸಣ್ಣ ಕರುಳೋ, ಕೊಬ್ಬಿನ ಪದರವೋ, ಅಪೆಂಡಿಕ್ಸೋ ಎಂಬುದನ್ನು ಚೀಲ ತೆರೆದಾಗ ಕಣ್ಣೇ ಹೇಳುತ್ತದೆ.

ಹಿರಿಯ ವೈದ್ಯೆ: ವಿದ್ಯಾರ್ಥಿಗೆ ಗೊತ್ತಿರುವುದು ನಿಜ, ಆದರೆ ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಆ ಉಬ್ಬನ್ನು ಬೆರಳಿನಿಂದ ಹುಡುಕುವವರು ಎಷ್ಟು ಮಂದಿ? ಸೀರೆಯ ನಿರಿಗೆಯನ್ನು ಒಂದು ಬೆರಳಷ್ಟೂ ಸಡಿಲಿಸದೆ ಹೊಟ್ಟೆಯ ಪರೀಕ್ಷೆ ಮುಗಿಸುವ ಅಭ್ಯಾಸ ಗಂಡು ವೈದ್ಯರಲ್ಲಿ ಮಾತ್ರವಲ್ಲ, ಹೆಣ್ಣು ವೈದ್ಯರಲ್ಲೂ ಇದೆ. "ಹೊಟ್ಟಿ ನೋವ್ರಿ" ಎಂದವಳಿಗೆ ಗ್ಯಾಸಿನ ಗುಳಿಗೆ ಕೊಟ್ಟು ಕಳಿಸಲಾಗುತ್ತದೆ. "ತೊಡಿ ಸಂದಿನ್ಯಾಗ ಗಂಟ ಬಂದೈತ್ರಿ" ಎಂಬ ಮಾತು ಅವಳ ಬಾಯಿಂದ ಹೊರಡುವುದು ನಾಲ್ಕನೆಯ ದಿನ, ಅದೂ ಮಗಳೋ ಸೊಸೆಯೋ ಜೊತೆಗಿದ್ದು, ಕೋಣೆಯ ಬಾಗಿಲು ಹಾಕಿದ ಮೇಲೆ. ಅಷ್ಟರಲ್ಲಿ ಯಾರೋ ಹೇಳಿದರೆಂದು ಬಿಸಿ ಶಾಖ ಕೊಟ್ಟು, ಎಣ್ಣೆ ಹಚ್ಚಿ ತಿಕ್ಕಿ, ಗಂಟನ್ನು ಒಳಗೆ ಒತ್ತುವ ಪ್ರಯತ್ನವೂ ಆಗಿರುತ್ತದೆ. ನಾಚಿಕೆಯಿಂದ ಕಳೆದ ಆ ನಾಲ್ಕು ದಿನಗಳ ಹೊಣೆಯನ್ನು ಅವಳೊಬ್ಬಳ ಮೇಲೆ ಹೊರಿಸುವುದು ಅನ್ಯಾಯ. ಪರದೆ ಎಳೆದು, ಜೊತೆಗೊಬ್ಬ ನರ್ಸಮ್ಮನನ್ನು ನಿಲ್ಲಿಸಿಕೊಂಡು, ಕೇಳಿ ಒಪ್ಪಿಗೆ ಪಡೆದು ತೊಡೆಸಂದು ನೋಡುವುದು ವೈದ್ಯರ ಕೆಲಸ.

ತಾಲ್ಲೂಕು ವೈದ್ಯ: ಅಂದರೆ ಮೇಡಂ, ರೋಗ ತಪ್ಪಿಹೋಗುತ್ತಿರುವುದು ಅಪರೂಪದ್ದೆಂಬ ಕಾರಣಕ್ಕಲ್ಲ, ನೋಡಬೇಕಾದ ಜಾಗವನ್ನು ನೋಡದಿರುವ ಕಾರಣಕ್ಕೆ. ಇದು ತಮ್ಮ ವಾದಕ್ಕಿಂತ ಎದುರುಪಕ್ಷದ ವಾದವನ್ನೇ ಬಲಪಡಿಸಿತು.

ಹಿರಿಯ ವೈದ್ಯೆ: ಅರ್ಧ ಮಾತ್ರ. ನೋಡಿದ ಮೇಲೂ ಬೆರಳು ತಪ್ಪುತ್ತದೆ. ಬರಿಗಾಲಲ್ಲಿ ಹೊಲ ತುಳಿಯುವವಳ ಅಂಗಾಲಿನ ಗಾಯದಿಂದ ತೊಡೆಸಂದಿನ ದುಗ್ಧಗ್ರಂಥಿ ಬಾತು ಕೀವುಗಟ್ಟಿದಾಗ ಅದೂ ಕೆಂಪಗೆ, ಬಿಸಿಯಾಗಿ, ಒಳತಳ್ಳಲಾಗದಂತೆ ಇರುತ್ತದೆ; ಆದ್ದರಿಂದ ತೊಡೆಸಂದು ನೋಡಿದವರು ಪಾದವನ್ನೂ ನೋಡಬೇಕು. ಬೆನ್ನುಮೂಳೆಯ ಕ್ಷಯದಿಂದ ಇಳಿದುಬರುವ ಸೋಆಸ್ ಸ್ನಾಯುವಿನ ಕೀವು ಇದೇ ಜಾಗದಲ್ಲಿ ತಲೆಯೆತ್ತುವುದನ್ನು ನಮ್ಮ ಕಡೆ ಮರೆಯುವಂತಿಲ್ಲ. ಅಭಿಧಮನಿ ಗುಳ್ಳೆಯಂತೆ ಉಬ್ಬಿದ್ದರೆ ಮಲಗಿಸಿದಾಗ ಇಳಿಯುತ್ತದೆಂದು ಗುರುತು ಹಿಡಿಯಬಹುದು, ಕೊಬ್ಬಿನ ಗಡ್ಡೆ ಮೆತ್ತಗಿದ್ದು ನೋಯುವುದಿಲ್ಲವೆಂದು ಗುರುತು ಹಿಡಿಯಬಹುದು. ಆದರೆ ಮೈತುಂಬಿದವಳಲ್ಲಿ, ಊತ ಹರಡಿ ಮೂಳೆಯ ಉಬ್ಬೇ ಸಿಗದಂತಾದಾಗ, ಇವುಗಳಲ್ಲಿ ಯಾವುದೆಂದು ಬೆರಳೊಂದರಿಂದಲೇ ಹೇಳುವವರು ಧೈರ್ಯವಂತರೇ ಹೊರತು ಎಚ್ಚರವುಳ್ಳವರಲ್ಲ.

ತಾಲ್ಲೂಕು ವೈದ್ಯ: ಅಲ್ಲಿ ಹೊಟ್ಟೆಯ ಸ್ಕ್ಯಾನಿಂಗ್ ಯಂತ್ರ, ಅಂದರೆ ಅಲ್ಟ್ರಾಸೌಂಡ್, ನೆರವಾಗುತ್ತದೆ, ಅದು ಸಣ್ಣ ಊರುಗಳಲ್ಲೂ ಸಿಗುತ್ತದೆ. ಒತ್ತಿದರೆ ಚಪ್ಪಟೆಯಾಗದ, ಆರು ಮಿಲಿಮೀಟರಿಗಿಂತ ದಪ್ಪನೆಯ, ಒಂದು ತುದಿ ಮುಚ್ಚಿದ ಕೊಳವೆ ಗಂಟಿನೊಳಗೆ ಕಂಡರೆ ಅಪೆಂಡಿಕ್ಸಿನ ಸಂಶಯ ಬಲವಾಗುತ್ತದೆ. ಕಾಣದಿದ್ದರೂ ಗಂಟು ದುಗ್ಧಗ್ರಂಥಿಯೋ ಹರ್ನಿಯಾವೋ ಎಂಬುದಾದರೂ ಬಹುಮಟ್ಟಿಗೆ ತಿಳಿಯುತ್ತದೆ.

ಹಿರಿಯ ವೈದ್ಯೆ: ಸ್ಕ್ಯಾನಿಂಗ್ ಮಾಡುವವರ ಕೈ ಪಳಗಿದ್ದರೆ ತಿಳಿಯುತ್ತದೆ, ರೋಗಿ ನೋವಿನಲ್ಲಿ ಒತ್ತಲು ಬಿಟ್ಟರೆ ತಿಳಿಯುತ್ತದೆ. ಸಿಟಿಯಲ್ಲಿ ಸೀಕಮ್‌ನಿಂದ ಹೊರಟ ಅಪೆಂಡಿಕ್ಸ್ ಇಳಿಯುತ್ತ ಬಂದು ಅಭಿಧಮನಿಯ ಪಕ್ಕದಲ್ಲಿ ನಾಳದೊಳಗೆ ಇಳಿಯುವ ಇಡೀ ಹಾದಿ ಕಾಣುತ್ತದೆ. ಸುತ್ತಲಿನ ಕೊಬ್ಬು ಉರಿಯಿಂದ ಮಸುಕಾಗಿದೆಯೇ, ಹೊಟ್ಟೆಯೊಳಗೂ ಕೀವಿದೆಯೇ, ಕರುಳಿನ ತುಣುಕೂ ಸಿಕ್ಕಿದೆಯೇ ಎಂಬುದೂ ತಿಳಿಯುತ್ತದೆ. ಈ ತಿಳಿವಳಿಕೆ ಕುತೂಹಲ ತಣಿಸಲು ಬೇಕಾದದ್ದಲ್ಲ. ಎಲ್ಲಿ ಗಾಯ ಮಾಡಬೇಕು, ಯಾವ ಅರಿವಳಿಕೆ ಕೊಡಬೇಕು, ರಿಪೇರಿಗೆ ಜಾಲರಿ ಬಳಸಬಹುದೆ, ಮನೆಯವರಿಗೆ ಮೊದಲೇ ಏನೇನು ಹೇಳಿ ಒಪ್ಪಿಗೆ ಪಡೆಯಬೇಕು ಎಂಬ ನಾಲ್ಕೂ ನಿರ್ಧಾರಗಳು ಅದರ ಮೇಲೆ ನಿಂತಿವೆ.

ತಾಲ್ಲೂಕು ವೈದ್ಯ: ಆದರೆ ನವಲಗುಂದದಿಂದ ಹುಬ್ಬಳ್ಳಿಗೆ ಸುಮಾರು 35 ಕಿಲೋಮೀಟರ್. ರಾತ್ರಿ 108ರ ಗಾಡಿ ಬಂದು, ರೋಗಿಯನ್ನು ಹತ್ತಿಸಿಕೊಂಡು, ತುರ್ತು ವಿಭಾಗ ಮುಟ್ಟಿಸಿ, ಅಲ್ಲಿ ಮೂತ್ರಪಿಂಡ ಚೆನ್ನಾಗಿದೆಯೇ ಎಂದು ಕ್ರಿಯಾಟಿನಿನ್ ನೋಡಿ, ರಕ್ತನಾಳಕ್ಕೆ ಕಾಂಟ್ರಾಸ್ಟ್ ಮದ್ದು ಕೊಟ್ಟು, ಸ್ಕ್ಯಾನ್ ಮುಗಿದು, ಅದನ್ನು ಓದಿ ಹೇಳುವವರು ಸಿಗುವ ಹೊತ್ತಿಗೆ ಎಷ್ಟು ತಾಸು ಕಳೆದಿರುತ್ತದೆ? ಚೀಲದೊಳಗೆ ಸಿಕ್ಕಿರುವುದು ಕರುಳಾಗಿದ್ದರೆ ಅಷ್ಟರಲ್ಲಿ ಅದು ಕಪ್ಪಾಗುತ್ತದೆ.

ಹಿರಿಯ ವೈದ್ಯೆ: ಕರುಳು ಸಿಕ್ಕಿದ್ದರೆ ಹೊಟ್ಟೆ ಉಬ್ಬುತ್ತದೆ, ವಾಂತಿಯಾಗುತ್ತದೆ, ಆ ಲಕ್ಷಣ ಕಂಡರೆ ಸಿಟಿಗಾಗಿ ಕಾಯುವ ಮಾತೇ ಇಲ್ಲ, ನೇರ ಆಪರೇಷನ್ ಟೇಬಲ್ಲಿಗೆ. ಲಕ್ಷಣವಿಲ್ಲದಿದ್ದಾಗ ಡ್ರಿಪ್ ಹಾಕಿ, ಆ್ಯಂಟಿಬಯಾಟಿಕ್ ಶುರುಮಾಡಿ, ಎರಡು ತಾಸಿನಲ್ಲಿ ಸ್ಕ್ಯಾನ್ ಮುಗಿಸಿದರೆ ನಷ್ಟವೇನಿಲ್ಲ.

ತಾಲ್ಲೂಕು ವೈದ್ಯ: ತಾವೇ ಕಲಿಸಿದ ರಿಕ್ಟರ್ ಹರ್ನಿಯಾವನ್ನು ಇಲ್ಲಿ ನೆನಪಿಸಬೇಕಾಗಿದೆ. ಕರುಳಿನ ಸುತ್ತಳತೆ ಪೂರ್ತಿ ಸಿಕ್ಕದೆ ಗೋಡೆಯ ಒಂದು ಮಗ್ಗುಲು ಮಾತ್ರ ಇಕ್ಕಟ್ಟಿನಲ್ಲಿ ಸಿಕ್ಕಾಗ ಒಳಗಿನ ದಾರಿ ತೆರೆದೇ ಇರುತ್ತದೆ, ವಾಂತಿಯಿಲ್ಲ, ಉಬ್ಬರವಿಲ್ಲ, ಆದರೆ ಸಿಕ್ಕ ತುಣುಕು ಕೊಳೆತು ತೂತಾಗುತ್ತದೆ. ಅದು ಹೆಚ್ಚಾಗಿ ಆಗುವುದೂ ಇದೇ ಫೆಮೊರಲ್ ಬಾಯಿಯಲ್ಲಿ. ಹಾಗಿರುವಾಗ ಅಡಚಣೆಯ ಲಕ್ಷಣವಿಲ್ಲ ಎಂಬುದನ್ನು ನಂಬಿ ಕಾಯುವುದು ಹೇಗೆ ಸುರಕ್ಷಿತ? ಹೊರಗಿನಿಂದ ನೋಡಿದರೆ ರಿಕ್ಟರ್ ಹರ್ನಿಯಾವೂ ಗಾರಾಂಜೊ ಹರ್ನಿಯಾವೂ ಒಂದೇ ಥರ.

ಹಿರಿಯ ವೈದ್ಯೆ: ಅದು ಗಟ್ಟಿಯಾದ ಮಾತು. ಎರಡನ್ನೂ ಹೊರಗಿನಿಂದ ಬೇರ್ಪಡಿಸಬಲ್ಲದ್ದು ಸಿಟಿ ಮಾತ್ರ ಎಂಬುದೇ ಇಲ್ಲಿಯ ಉತ್ತರ.

ತಾಲ್ಲೂಕು ವೈದ್ಯ: ಒಳಗಿನಿಂದ ಬೇರ್ಪಡಿಸಬಲ್ಲದ್ದು ಶಸ್ತ್ರ ಎಂಬುದು ಇನ್ನೊಂದು ಉತ್ತರ.

ಇಲ್ಲಿಗೆ ರೋಗನಿರ್ಣಯದ ವಾದ ಒಂದು ಗಂಟಿಗೆ ಬಂದು ನಿಂತಿತು, ಮತ್ತು ವೈದ್ಯಕೀಯ ಸಾಹಿತ್ಯದಲ್ಲಿಯೂ ಅದು ನಿಂತಿರುವುದು ಹೆಚ್ಚುಕಡಿಮೆ ಇಲ್ಲಿಯೇ. ವರದಿಯಾದ ರೋಗಿಗಳಲ್ಲಿ ಅನೇಕರಿಗೆ ನಿಜವಾದ ನಿರ್ಣಯವಾದದ್ದು ಚೀಲ ತೆರೆದ ಮೇಲೆಯೇ, ಆದರೂ ಸಿಟಿಯ ಬಳಕೆ ಹೆಚ್ಚಿದಂತೆ ಮೊದಲೇ ತಿಳಿದವರ ವರದಿಗಳೂ ಬರುತ್ತಿವೆ. ಶಸ್ತ್ರಚಿಕಿತ್ಸೆಯ ಕಡೆಗೆ ಮಾತು ಹೊರಳಿದಾಗ ಇಬ್ಬರ ಪಾತ್ರಗಳು ಅದಲುಬದಲಾದಂತೆ ಕಂಡವು. ಯಂತ್ರದ ಪರವಾಗಿದ್ದ ಹಿರಿಯರು ತೆರೆದ ಶಸ್ತ್ರಚಿಕಿತ್ಸೆಯ ಪರ ನಿಂತರೆ, ಬೆರಳನ್ನು ನಂಬಿದ್ದ ಕಿರಿಯರು ಲ್ಯಾಪರೊಸ್ಕೋಪಿಯ ಪರ ವಾದಿಸಿದರು.

ತಾಲ್ಲೂಕು ವೈದ್ಯ: ಒಳಗೇನಿದೆ ಎಂಬ ಗೊಂದಲವಿದ್ದಾಗ ಹೊಕ್ಕುಳ ಬಳಿ ಒಂದು ಸಣ್ಣ ರಂಧ್ರದಿಂದ ಕ್ಯಾಮೆರಾ ಇಳಿಸಿದರೆ ಅದೇ ನಿರ್ಣಯ, ಅದೇ ಚಿಕಿತ್ಸೆ. ಅಪೆಂಡಿಕ್ಸ್ ನಾಳದೊಳಕ್ಕೆ ಇಳಿದಿರುವುದು ಪರದೆಯ ಮೇಲೆ ನೇರವಾಗಿ ಕಾಣುತ್ತದೆ; ಅದನ್ನು ಮೃದುವಾಗಿ ಒಳಗೆಳೆದು, ಬುಡದಲ್ಲಿ ಕಟ್ಟಿ ತೆಗೆದು, ಹೊಟ್ಟೆಯ ಉಳಿದ ಭಾಗವನ್ನೂ ತೊಳೆದು ನೋಡಬಹುದು. ಗಾಯ ಚಿಕ್ಕದು, ಸೋಂಕಿನ ತೊಡೆಸಂದಿನಲ್ಲಿ ದೊಡ್ಡ ಗಾಯ ಮಾಡುವ ಪ್ರಮೇಯವಿಲ್ಲ, ರೋಗಿ ಬೇಗ ಎದ್ದು ಓಡಾಡುತ್ತಾಳೆ.

ಹಿರಿಯ ವೈದ್ಯೆ: ಬಿಗಿದು ಊದಿಕೊಂಡ ಅಪೆಂಡಿಕ್ಸನ್ನು ಒಳಗಿನಿಂದ ಎಳೆದಾಗ ಅದು ಕತ್ತಿನಲ್ಲೇ ಹರಿದರೆ, ಇಷ್ಟು ಹೊತ್ತು ಚೀಲದಲ್ಲಿ ಕಟ್ಟಿಬಿದ್ದಿದ್ದ ಕೀವು ಶುದ್ಧವಾಗಿದ್ದ ಹೊಟ್ಟೆಗೆ ಸುರಿಯುತ್ತದೆ. ಲ್ಯಾಪರೊಸ್ಕೋಪಿಗೆ ಹೊಟ್ಟೆಯೊಳಗೆ ಗಾಳಿ ತುಂಬಬೇಕು, ಅದಕ್ಕೆ ಪೂರ್ಣ ಅರಿವಳಿಕೆ ಬೇಕು. ಎಪ್ಪತ್ತೈದರ ಹೃದ್ರೋಗಿಗೆ, ದಮ್ಮಿನವಳಿಗೆ, ಅದು ಸಣ್ಣ ಮಾತಲ್ಲ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿ, ಎಚ್ಚರವಿದ್ದಂತೆಯೇ ಅವಳ ತೊಡೆಸಂದನ್ನು ತೆರೆದು ಇದೇ ಕೆಲಸ ಮುಗಿಸಬಹುದು, ಮತ್ತು ಅದು ತಾಲ್ಲೂಕು ಆಸ್ಪತ್ರೆಯಲ್ಲೂ ಸಾಧ್ಯ.

ತಾಲ್ಲೂಕು ವೈದ್ಯ: ತೆರೆಯುವುದೆಂದರೆ ಎಲ್ಲಿ? ಗಂಟಿನ ಮೇಲೆಯೇ, ಇಂಗ್ವೈನಲ್ ಕಟ್ಟಿನ ಕೆಳಗೆ ಮಾಡುವ ಲಾಕ್‌ವುಡ್ ಗಾಯ ಸುಲಭ, ಆದರೆ ಅಪೆಂಡಿಕ್ಸಿನ ಬುಡ ಕೈಗೆ ಎಟುಕದಿದ್ದರೆ ಇನ್ನೊಂದು ಗಾಯ ಮಾಡಲೇಬೇಕು. 1898ರ ಲೋಥೈಸನ್ ದಾರಿ ಇಂಗ್ವೈನಲ್ ನಾಳವನ್ನು ಸೀಳಿಕೊಂಡು ಹೋಗುವುದರಿಂದ ಗಟ್ಟಿಯಾಗಿದ್ದ ಗೋಡೆಯನ್ನು ಸಡಿಲಗೊಳಿಸುತ್ತದೆ.

ಹಿರಿಯ ವೈದ್ಯೆ: ಹಾಗಿದ್ದರೆ 1950ರಲ್ಲಿ ಮೆಕ್‌ಎವೆಡಿ ತೋರಿಸಿದ ಎತ್ತರದ ದಾರಿ ಹಿಡಿಯಿರಿ, ಹೊಟ್ಟೆಯ ನೇರ ಸ್ನಾಯುವಿನ ಅಂಚಿನಲ್ಲಿ ಇಳಿದು, ಒಳಪದರದ ಹೊರಗಿನಿಂದ ಚೀಲದ ಕತ್ತನ್ನು ಮುಟ್ಟಿ, ಬೇಕಾದರೆ ಅದೇ ಗಾಯದಿಂದ ಒಳಪದರ ತೆರೆದು ಸೀಕಮ್‌ವರೆಗೂ ಕೈ ಹೋಗುತ್ತದೆ. ಮೇಲಿನಿಂದಲೂ ಕೆಳಗಿನಿಂದಲೂ ಹಿಡಿತವಿರುವ ಏಕೈಕ ಗಾಯ ಅದು. ಇಲ್ಲಿ ಇನ್ನೊಂದು ಎಚ್ಚರವನ್ನು ಹೇಳದೆ ಬಿಡಬಾರದು: ಬಾಯಿ ಬಿಗಿಯಾಗಿದೆಯೆಂದು ಲ್ಯಾಕುನಾರ್ ಕಟ್ಟನ್ನು ಕುರುಡಾಗಿ ಕತ್ತರಿಸಿದರೆ, ಕೆಲವರಲ್ಲಿ ಅದರ ಹಿಂದೆಯೇ ಹಾದುಹೋಗುವ ಆಬ್ಟ್ಯುರೇಟರ್ ಧಮನಿಯ ಕವಲು ತುಂಡಾಗಿ ನಿಲ್ಲಿಸಲಾಗದಷ್ಟು ರಕ್ತ ಹರಿಯುತ್ತದೆ, ಹಳೆಯ ಅಂಗರಚನಾ ಶಾಸ್ತ್ರಜ್ಞರು ಅದನ್ನು ಸಾವಿನ ಕಿರೀಟವೆಂದು ಕರೆದದ್ದು ಸುಮ್ಮನೆ ಅಲ್ಲ. ಹೊರಬದಿಗೆ ಅಭಿಧಮನಿ, ಒಳಬದಿಗೆ ಈ ಧಮನಿ. ಕೈ ಓಡಬೇಕಾದದ್ದು ಇವೆರಡರ ನಡುವೆ.

ತಾಲ್ಲೂಕು ವೈದ್ಯ: ದಾರಿ ಯಾವುದೇ ಇರಲಿ, ಚೀಲ ತೆರೆದಾಗ ಅಪೆಂಡಿಕ್ಸ್ ಕೊಳೆತಿದ್ದರೆ ತೆಗೆಯುವುದರಲ್ಲಿ ವಾದವಿಲ್ಲ, 1785ರಲ್ಲಿ ಎವ್ಯಾಂ ಎಂಬ ಫ್ರೆಂಚ್ ಶಸ್ತ್ರಚಿಕಿತ್ಸಕ ಮಾಡಿದ್ದೂ ಅದನ್ನೇ. ಕಷ್ಟದ ಪ್ರಶ್ನೆ ಅದು ಆರೋಗ್ಯವಾಗಿದ್ದಾಗಿನದು. ಅರವತ್ತೈದರ ಹೆಂಗಸಿನ ಆರೋಗ್ಯವಂತ ಅಪೆಂಡಿಕ್ಸನ್ನು ಕತ್ತರಿಸಿದರೆ, ಅಲ್ಲಿಯವರೆಗೆ ಪೂರ್ತಿ ಶುದ್ಧವಾಗಿದ್ದ ಹರ್ನಿಯಾ ಶಸ್ತ್ರಚಿಕಿತ್ಸೆಗೆ ಕರುಳಿನ ಸೂಕ್ಷ್ಮಾಣುಗಳನ್ನು ಬೇಕೆಂದೇ ತಂದಂತೆ. ಜಾಲರಿ ಇಡುವ ಅವಕಾಶವೂ ಅದರಿಂದ ಸಂಶಯಾಸ್ಪದವಾಗುತ್ತದೆ. ಮೆಲ್ಲಗೆ ಹೊಟ್ಟೆಗೆ ಮರಳಿಸಿ ಬಾಯಿ ಮುಚ್ಚುವುದು ಲೇಸು.

ಹಿರಿಯ ವೈದ್ಯೆ: ಇಕ್ಕಟ್ಟಿನಲ್ಲಿ ಸಿಕ್ಕಿದ್ದು, ಕೈಯಲ್ಲಿ ಹಿಡಿದು ಎಳೆದಾಡಿದ ಅಪೆಂಡಿಕ್ಸನ್ನು ಆರೋಗ್ಯವಂತ ಎನ್ನಲು ಎಷ್ಟು ಧೈರ್ಯ ಬೇಕು! ನಾಲ್ಕು ದಿನದ ನಂತರ ಅದು ಹೊಟ್ಟೆಯೊಳಗೆ ಉರಿಯತೊಡಗಿದರೆ ಮತ್ತೊಂದು ಆಪರೇಷನ್ನಿಗೆ ಅವಳು ಬರುತ್ತಾಳೆಯೇ, ಬಂದರೂ ಆ ನೋವನ್ನು ಹಳೆಯ ಗಾಯದ ನೋವೆಂದು ತಳ್ಳಿಹಾಕುವುದಿಲ್ಲವೆ? ಇಂಗ್ವೈನಲ್ ಹಾದಿಯ ಅಮ್ಯಾಂಡ್ ಹರ್ನಿಯಾಕ್ಕೆ ಲೊಸಾನಾಫ್ ಮತ್ತು ಬ್ಯಾಸನ್ ಮಾಡಿದ ವರ್ಗೀಕರಣವನ್ನು ಹಲವರು ಇಲ್ಲಿಗೂ ಅನ್ವಯಿಸುತ್ತಾರೆ, ಅದರ ಪ್ರಕಾರ ಉರಿಯಿಲ್ಲದ ಅಪೆಂಡಿಕ್ಸನ್ನು ಮರಳಿಸಿ ಜಾಲರಿ ಇಡಬಹುದು ಎಂಬುದು ನಿಜ. ಆದರೆ ಇಂಗ್ವೈನಲ್ ಬಾಯಿಯಷ್ಟು ಸಡಿಲವಲ್ಲದ ಈ ಬಾಯಿಯಲ್ಲಿ ಸಿಕ್ಕಿದ ಅಂಗಕ್ಕೆ ಅದೇ ಅಳತೆ ಸಾಕೆಂದು ಒಪ್ಪುವುದು ಕಷ್ಟ. ಕಣ್ಣಿಗೆ ಸ್ವಲ್ಪ ಕೆಂಪು ಕಂಡರೂ ತೆಗೆಯುವುದೇ ಸರಿ.

ತಾಲ್ಲೂಕು ವೈದ್ಯ: ಜಾಲರಿಯ ಮಾತನ್ನೂ ಮುಗಿಸಬೇಕು. ಪಾಲಿಪ್ರೊಪಿಲೀನ್ ಎಳೆಗಳಿಂದ ನೇಯ್ದ ಮೆಶ್ ಹಾಕಿದರೆ ಹರ್ನಿಯಾ ಮರುಕಳಿಸುವುದು ಕಡಿಮೆ. ಉರಿಯಷ್ಟೇ ಇದ್ದು ಕೀವಿಲ್ಲದ ಕಡೆಯೂ ಅದನ್ನು ಹಾಕಿ ತೊಂದರೆಯಾಗಲಿಲ್ಲವೆಂದು ಬರೆದವರಿದ್ದಾರೆ. ಹೊಲದ ಕೆಲಸಕ್ಕೆ ಮರಳುವವಳಿಗೆ ಮರುಕಳಿಸದ ರಿಪೇರಿ ಬೇಡವೆ?

ಹಿರಿಯ ವೈದ್ಯೆ: ಬರೆಯುವುದು ಯಶಸ್ಸಾದಾಗ. ಕೀವು ಹಿಡಿದ ಜಾಲರಿಯನ್ನು ಅಭಿಧಮನಿಯ ಪಕ್ಕದಿಂದ ಬಿಡಿಸಿ ತೆಗೆಯುವ ಎರಡನೆಯ ಶಸ್ತ್ರಚಿಕಿತ್ಸೆ ಮೊದಲನೆಯದಕ್ಕಿಂತ ಎಷ್ಟೋ ಕಠಿಣ. ಕೀವೋ, ಒಡೆದ ಅಪೆಂಡಿಕ್ಸೋ ಇದ್ದಲ್ಲಿ ಕರಗದ ದಾರದಿಂದ ಇಂಗ್ವೈನಲ್ ಕಟ್ಟನ್ನು ಪೆಕ್ಟಿನಿಯಲ್ ಕಟ್ಟಿಗೆ ಹೊಲಿದು, ಅಭಿಧಮನಿ ಹಿಸುಕಿಹೋಗದಂತೆ ಅದರ ಪಕ್ಕದಲ್ಲಿ ಸ್ವಲ್ಪ ಎಡೆ ಬಿಟ್ಟರೆ ಸಾಕು. ಮರುಕಳಿಸಿದರೆ ಶುದ್ಧವಾದ ಕಾಲದಲ್ಲಿ ಜಾಲರಿ ಹಾಕಬಹುದು. ಮರುಕಳಿಸುವ ಹರ್ನಿಯಾವನ್ನು ರಿಪೇರಿ ಮಾಡಬಹುದು, ರಕ್ತಕ್ಕೇರಿದ ಸೋಂಕಿನಲ್ಲಿ ಹೋದ ರೋಗಿಯನ್ನು ಮರಳಿ ತರಲಾಗದು. ತೆಗೆದ ಅಪೆಂಡಿಕ್ಸನ್ನು ಬಕೆಟ್ಟಿಗೆ ಎಸೆಯದೆ ರೋಗಶಾಸ್ತ್ರ ವಿಭಾಗಕ್ಕೆ ಕಳಿಸಬೇಕೆಂಬುದನ್ನು ಇಲ್ಲಿಯೇ ಸೇರಿಸಬೇಕು, ಏಕೆಂದರೆ ಈ ವಯಸ್ಸಿನಲ್ಲಿ ಅಪೆಂಡಿಕ್ಸಿನ ಗಡ್ಡೆಯೊಂದು ಉರಿಯೂತದ ವೇಷದಲ್ಲಿ ಬಂದಿರಬಹುದು.

ತಾಲ್ಲೂಕು ವೈದ್ಯ: ಗಡ್ಡೆಯ ಮಾತಿಗೆ ಎದುರಿಲ್ಲ. ಜಾಲರಿಯ ವಿಷಯದಲ್ಲಿ, ಕೀವಿಲ್ಲದ ಕಡೆಗಾದರೂ ಬಾಗಿಲು ತೆರೆದಿರಲಿ. ಆದರೆ ಈ ಎಲ್ಲ ಜಾಣತನವೂ ಬೇಕಾಗುವುದು ಗಂಟು ಬಿಗಿದ ಮೇಲೆ. ಬಿಗಿಯುವ ಮುನ್ನ ಬಂದವಳನ್ನು ಏನು ಮಾಡುತ್ತಿದ್ದೇವೆ ಎಂಬುದು ಇದಕ್ಕಿಂತ ದೊಡ್ಡ ಪ್ರಶ್ನೆ. 1991ರಲ್ಲಿ ಬ್ರಿಟನ್ನಿನಿಂದ ಬಂದ ಲೆಕ್ಕದಂತೆ, ಫೆಮೊರಲ್ ಹರ್ನಿಯಾ ಕಾಣಿಸಿಕೊಂಡ ಮೂರು ತಿಂಗಳಲ್ಲಿ ಅದು ಬಿಗಿದು ರಕ್ತಸಂಚಾರ ನಿಲ್ಲುವ ಸಾ­ಧ್ಯತೆ ಶೇ 22, 21 ತಿಂಗಳಲ್ಲಿ ಶೇ 45. ಸ್ವೀಡನ್ನಿನ ಹರ್ನಿಯಾ ನೋಂದಣಿಯ 2009ರ ಅಧ್ಯಯನದಲ್ಲಿ ಫೆಮೊರಲ್ ಶಸ್ತ್ರಚಿಕಿತ್ಸೆಗಳಲ್ಲಿ ಸುಮಾರು ಶೇ 36 ತುರ್ತಿನವು, ಇಂಗ್ವೈನಲ್‌ನಲ್ಲಿ ಸುಮಾರು ಶೇ 5 ಮಾತ್ರ. ಇಷ್ಟು ಗೊತ್ತಿದ್ದೂ, ನೋವಿಲ್ಲದ ಸಣ್ಣ ಗಂಟು ಕಂಡವಳಿಗೆ "ನೋವಾದಾಗ ಬಾ ಯವ್ವಾ" ಎಂದು ಹೇಳಿ ಕಳಿಸುವವರು ಈಗಲೂ ಇದ್ದಾರೆ.

ಹಿರಿಯ ವೈದ್ಯೆ: ಅವಳೂ ಅದನ್ನೇ ಬಯಸುತ್ತಾಳೆ ಎಂಬುದು ಇದರ ಇನ್ನೊಂದು ಮುಖ. ಕಡಲೆ ಕೀಳುವುದಿದೆ, ಮೆಣಸಿನಕಾಯಿ ಬಿಡಿಸುವುದಿದೆ, ಮನೆಯಲ್ಲೊಂದು ಮದುವೆಯಿದೆ, ಆಮೇಲೆ ನೋಡೋಣ ಎನ್ನುತ್ತಾಳೆ. ಬಡತನದ ರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಭರಿಸುವ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಇದೆ. ಆದರೆ ಕಳೆದುಹೋಗುವ ಕೂಲಿಯನ್ನು ಅದು ತುಂಬಿಕೊಡುವುದಿಲ್ಲ, ಮನೆಯಲ್ಲಿ ಅಡುಗೆ ಮಾಡುವವರನ್ನೂ ಅದು ಕಳಿಸಿಕೊಡುವುದಿಲ್ಲ. ಅದಕ್ಕಾಗಿಯೇ ಇಂಥ ಗಂಟಿಗೆ ಚೀಟಿಯ ಮೇಲೆ "ಮತ್ತೆ ಬನ್ನಿ" ಎಂದು ಬರೆಯದೆ, ಎರಡು ವಾರದೊಳಗಿನ ಒಂದು ತಾರೀಖನ್ನೇ ಬರೆದು, ಮಗನನ್ನೋ ಗಂಡನನ್ನೋ ಕರೆದು ಕೂರಿಸಿ, ತಡವಾದರೆ ಏನಾಗುತ್ತದೆಂದು ಅವರ ಮಾತಿನಲ್ಲೇ ಹೇಳಬೇಕು.

ತಾಲ್ಲೂಕು ವೈದ್ಯ: ತಾರೀಖು ಬರೆಯುವುದು ತಾಲ್ಲೂಕಿನಲ್ಲಿ ಸಾಧ್ಯ. ಅರಿವಳಿಕೆ ತಜ್ಞರು ಇರುವ ದಿನ ನೋಡಿ, ಬಿಗಿಯದ ಫೆಮೊರಲ್ ಹರ್ನಿಯಾಗಳನ್ನು ಅಲ್ಲಿಯೇ ಮುಗಿಸಬಹುದು. ಸಿಟಿ ಬೇಕಾದಂಥ, ಉರಿ ಏರಿದ ಗಂಟುಗಳನ್ನು ಮಾತ್ರ ಹುಬ್ಬಳ್ಳಿಗೋ ಧಾರವಾಡಕ್ಕೋ ಕಳಿಸಬಹುದು. ಹಾಗೆ ಕಳಿಸಿದಾಗ ಮೇಲಿನ ಆಸ್ಪತ್ರೆಯವರು ಆ ಪತ್ರವನ್ನು ಓದಬೇಕು. ಎಲ್ಲವನ್ನೂ ಮತ್ತೆ ಮೊದಲಿನಿಂದ ಆರಂಭಿಸಬಾರದು.

ಹಿರಿಯ ವೈದ್ಯೆ: ಓದುವಂತೆ ಬರೆದರೆ ಓದುತ್ತಾರೆ. ಗಂಟು ಮೊದಲು ಕಂಡದ್ದು ಯಾವಾಗ, ಗಟ್ಟಿಯಾದದ್ದು ಎಷ್ಟು ತಾಸಿನ ಹಿಂದೆ, ಯಾರಾದರೂ ಒತ್ತಿ ಒಳಗೆ ತಳ್ಳಲು ನೋಡಿದ್ದಾರೆಯೇ, ಕೊನೆಯ ಬಾರಿ ಮಲ ಹೋದದ್ದು ಯಾವಾಗ, ಯಾವ ಆ್ಯಂಟಿಬಯಾಟಿಕ್ ಎಷ್ಟು ಗಂಟೆಗೆ ಕೊಟ್ಟಿರಿ ಎಂಬುದಿರಲಿ. ಸ್ಕ್ಯಾನ್ ಆಗಿದೆಯೆ ಇಲ್ಲವೆ ಎಂಬುದೂ ಇರಲಿ.

ತಾಲ್ಲೂಕು ವೈದ್ಯ: ಆಗಿಲ್ಲ ಎಂದು ಬರೆಯುವ ಪತ್ರಗಳೇ ಹೆಚ್ಚಿರುತ್ತವೆ, ಮೇಡಂ. ಆ ಒಂದು ಸಾಲು ಕಂಡ ಕಾರಣಕ್ಕೆ ರೋಗಿಯನ್ನು ಸ್ಕ್ಯಾನ್ ಕೋಣೆಯ ಹೊರಗೆ ಸರತಿಯಲ್ಲಿ ಮಲಗಿಸಬಾರದು.

ಹಿರಿಯ ವೈದ್ಯೆ: ಸರತಿ ಉದ್ದವಿದ್ದರೆ ಮಲಗಿಸಬಾರದು. ಸರತಿ ಇಲ್ಲದಿದ್ದರೆ ಸ್ಕ್ಯಾನ್ ಆಗಲೇಬೇಕು.